ಸದ್ದಿನಲ್ಲಿ ಕೇಳಿಸುತ್ತಿದ್ದವಳು

ಮಗ್ಗದ ಶೆಡ್ಡಿನಲ್ಲಿ ಅವಳಿಗೆ ‘ಬೆಕ್ಕಿನ ಕಿವಿ’ ಎಂದು ಹೆಸರಿತ್ತು. ಮನೆಯಲ್ಲಿ ‘ಮಹಾರಾಣಿ’ ಎಂದು. ಎರಡು ಹೆಸರೂ ಒಂದೇ ಕಾಯಿಲೆಯಿಂದ ಬಂದವು ಎಂದು ಯಾರಿಗೂ ಹೊಳೆಯದೆ ವರ್ಷಗಳು ಕಳೆದವು.

ಶೆಡ್ಡಿನಲ್ಲಿ ಸಾಲುಸಾಲು ಮಗ್ಗಗಳು. ಲಾಳಿಗಳು ಆ ತುದಿಯಿಂದ ಈ ತುದಿಗೆ ಬಡಿದು ಹಾರುವ ಸದ್ದಿಗೆ ಸಿಮೆಂಟಿನ ನೆಲ ಅಂಗಾಲಿನಡಿ ಅದುರುತ್ತಿತ್ತು. ಲೋಟದಲ್ಲಿ ನೀರಿಟ್ಟರೆ ಅದರ ಮೇಲೆ ಸಣ್ಣ ಬಳೆಗಳಂತೆ ಅಲೆ ಏಳುತ್ತಿದ್ದವು. ಹೊಸದಾಗಿ ಸೇರಿದವರು ಮೊದಮೊದಲು ತಲೆನೋವೆಂದು ಗೋಡೆಗೊರಗಿ ಕೂರುತ್ತಿದ್ದರು. ಆಮೇಲೆ ಒಗ್ಗಿಹೋಯಿತು ಎನ್ನುತ್ತಿದ್ದರು. ಅದು ಒಗ್ಗುವುದಲ್ಲ, ಕಿವಿ ಸ್ವಲ್ಪಸ್ವಲ್ಪವೇ ಸಾಯುವುದು ಎಂದು ಅವರಿಗೆ ಹೇಳುವವರಿರಲಿಲ್ಲ.

ಅಲ್ಲಿ ಮಾತೆಂದರೆ ಕೂಗು. ಕೂಗು ಸಾಲದಿದ್ದರೆ ತುಟಿಯ ಚಲನೆ, ಕೈಸನ್ನೆ. ಆದರೆ ಇವಳಿಗೆ ತುಟಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಬೆನ್ನ ಹಿಂದಿನ ಮಗ್ಗದಿಂದ ಯಾರಾದರೂ ‘ಎಳೆ ಕಿತ್ತೋಯ್ತು’ ಎಂದು ಕಿರುಚಿದರೆ ತಿರುಗದೆಯೇ ಉತ್ತರ ಕೊಡುತ್ತಿದ್ದಳು. ಪಕ್ಕದ ಮಗ್ಗದ ಹಿರಿಯ ನೇಕಾರ್ತಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳು ಕೈತಟ್ಟಿ ನಗುತ್ತಿದ್ದಳು.

“ನಿನ್ನ ಹಿಂದೆ ನಿಂತು ಮೇಸ್ತ್ರೀನ ಬೈಯೋ ಹಾಗಿಲ್ಲ ಕಣೇ! ಬೆಕ್ಕಿನ ಕಿವಿ ನಿಂದು.”

“ಬೈರಿ, ನಾನೇನು ಹೇಳೋಕ್ಕೆ ಹೋಗ್ತೀನಾ?” ಎಂದು ಇವಳು ಹೇಳುವಷ್ಟರಲ್ಲಿ ದೊಡ್ಡಕ್ಕ ಇವಳ ಬಾಯಿಯ ಹತ್ತಿರ ಕಣ್ಣು ತಂದಿರುತ್ತಿದ್ದಳು. ಇವಳ ದನಿ ಅಷ್ಟು ಮೆತ್ತಗೆ. ಅಂಥ ಗದ್ದಲದಲ್ಲೂ ಇವಳಿಗೆ ದನಿ ಎತ್ತಬೇಕೆಂದು ಅನ್ನಿಸುತ್ತಲೇ ಇರಲಿಲ್ಲ.

ಮಿಲ್ಲಿನಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ನಡೆಯುತ್ತಿತ್ತು. ಯಾವ ಕಾಲದಲ್ಲಿ ಯಾರು ಶುರುಮಾಡಿದರೋ ಗೊತ್ತಿಲ್ಲ. ಕೆಲಸ ಮಾಡುವ ಜಾಗದಲ್ಲೇ ಕೇಳಿಸಬೇಕು ತಾನೆ ಎಂಬ ಲೆಕ್ಕದಲ್ಲಿ, ಮಗ್ಗಗಳು ಓಡುತ್ತಿರುವಾಗಲೇ ಮೇಸ್ತ್ರಿ ಒಬ್ಬೊಬ್ಬರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿ ಹಿಂದಿನಿಂದ ಹೆಸರು ಹಿಡಿದು ಕೂಗುತ್ತಿದ್ದ. ಕೈ ಎತ್ತಿದವರು ಪಾಸು. ದೊಡ್ಡಕ್ಕನಿಗೆ ಏನೂ ಕೇಳಿಸುತ್ತಿರಲಿಲ್ಲ. ಎದುರಿನ ಮಗ್ಗದವಳು ಕಣ್ಣು ಮಿಟುಕಿಸಿದ ಕೂಡಲೇ ಕೈ ಎತ್ತುತ್ತಿದ್ದಳು. ಹೀಗೆ ಪಾಸಾದವರೇ ಹೆಚ್ಚು. ಯಾರ ಕಣ್ಣನ್ನೂ ನೋಡದೆ, ಮೊದಲ ಕೂಗಿಗೇ ಕೈ ಎತ್ತುತ್ತಿದ್ದವಳು ಇವಳೊಬ್ಬಳೇ. ಮೇಸ್ತ್ರಿ ಪ್ರತಿ ವರ್ಷವೂ ಇವಳನ್ನು ಇತರರಿಗೆ ತೋರಿಸಿ, “ಕಿವಿ ಅಂದ್ರೆ ಹೀಗಿರಬೇಕು” ಎನ್ನುತ್ತಿದ್ದ.

ಮನೆಯ ಕತೆ ಬೇರೆ. ಎರಡನೆಯ ಹೆರಿಗೆಯ ನಂತರ ಅವಳಿಗೆ ಮನೆಯೇ ದೂರವಾದಂತಿತ್ತು. ಮೊದಲು ಗಂಡನ ಮಾತು ನಿಂತಿತು. ಅವನು ಗಾಜು ಕತ್ತರಿಸುವ ಅಂಗಡಿಯವನು. ಗಾಜಿನ ಮೇಲೆ ಗೀರೆಳೆಯುವಾಗ ಉಸಿರು ಬಿಗಿಹಿಡಿಯುವುದು ಅಭ್ಯಾಸವಾಗಿ ಮಾತೂ ಕಡಿಮೆ, ದನಿಯೂ ತಗ್ಗು. ಅವನು ತಟ್ಟೆಯ ಮುಂದೆ ಕೂತು ತುಟಿ ಆಡಿಸುವುದು ಕಾಣುತ್ತಿತ್ತು, ಮಾತು ಬರುತ್ತಿರಲಿಲ್ಲ. ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತಾನೆ ಎಂದುಕೊಂಡಳು. ಊಟ ಮಾಡುವಾಗಲಂತೂ ತನ್ನ ದವಡೆಯ ಸದ್ದೇ ತಲೆ ತುಂಬಾ ತುಂಬಿಕೊಳ್ಳುತ್ತಿತ್ತು. ಯಾರಾದರೂ ಮಾತಾಡಿದಂತೆ ಕಂಡರೆ ಅಗಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. ಅಷ್ಟರಲ್ಲಿ ಅವರು ಮಾತು ಮುಗಿಸಿರುತ್ತಿದ್ದರು. ಕಿವಿಯಲ್ಲಿ ಸದಾ ಗಾಳಿ ಬೀಸಿದ ಹಾಗೆ ಒಂದು ಮೊರೆತ. ಮಿಲ್ಲಿನ ಸದ್ದು ಮನೆಗೂ ಅಂಟಿಕೊಂಡು ಬಂದಿದೆ ಎಂದು ಸುಮ್ಮನಿದ್ದಳು.

ಯಾರೂ ಮಾತಾಡಿಸದಿದ್ದರೆ ಏನಾಗುತ್ತದೆ? ಮೊದಲು ನೋವಾಗುತ್ತದೆ. ಆಮೇಲೆ ಅದೂ ಆಗುವುದಿಲ್ಲ. ಅವಳು ಪಾತ್ರೆ ತೊಳೆದಳು, ಮಕ್ಕಳಿಗೆ ತಲೆ ಬಾಚಿದಳು, ಬಟ್ಟೆ ಒಣಹಾಕಿದಳು, ಮಲಗಿದಳು. ಮನೆಯವರ ಮೇಲೆ ಸಿಟ್ಟೂ ಇರಲಿಲ್ಲ, ಅಕ್ಕರೆಯೂ ಇರಲಿಲ್ಲ. ಕೈ ಮರಗಟ್ಟಿದಾಗ ಅದು ಯಾರದೋ ಕೈ ಅನ್ನಿಸುತ್ತದಲ್ಲ, ಆ ಮನೆ ಅವಳಿಗೆ ಹಾಗಿತ್ತು.

ಅತ್ತೆಯ ಲೆಕ್ಕ ಇನ್ನೊಂದು. ಸೊಸೆಯನ್ನು ಕರೆದರೆ ಉತ್ತರವಿಲ್ಲ. ಬಂದರೂ ಇರುವೆ ಮಾತಾಡಿದ ಹಾಗೆ. ಒಮ್ಮೆ ಸೊಸೆ ಬೀಗದ ಕೈ ಮರೆತು ಹೋಗಿದ್ದಳೆಂದು ಅತ್ತೆ ಮಿಲ್ಲಿಗೇ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತಳು. ಆ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ನೋಡಿದರೆ, ಯಾರೋ ದೂರದಿಂದ ಕೂಗಿದ್ದಕ್ಕೆ ಸೊಸೆ ತಲೆಯನ್ನೂ ಎತ್ತದೆ ಉತ್ತರ ಕೊಟ್ಟು ನಗುತ್ತಿದ್ದಾಳೆ! ಅತ್ತೆ ಬೀಗದ ಕೈಯನ್ನು ಕಾವಲುಗಾರನ ಕೈಗೆ ಹಾಕಿ ಬಿರಬಿರನೆ ಮನೆಗೆ ಬಂದಳು.

“ನಾನು ನನ್ನ ಕಣ್ಣಾರೆ ನೋಡಿದೆ ಕಣೋ,” ಎಂದಳು ಮಗನಿಗೆ. “ಆ ಸಂತೆಗದ್ದಲದಲ್ಲಿ ಪಿಸುಗುಟ್ಟಿದ್ರೂ ಕೇಳಿಸುತ್ತೆ ಅವಳಿಗೆ. ಮನೇಲಿ ಮಾತ್ರ ಮಹಾರಾಣಿ. ನಮ್ಮ ಮಾತು ಅವಳ ಕಿವಿಗೆ ಹೋಗೋಕ್ಕೆ ಯೋಗ್ಯತೆ ಇಲ್ಲ.”

ಗಂಡನಿಗೂ ಅದೇ ಅನುಮಾನವಿತ್ತು. ಈಗ ಸಾಕ್ಷಿ ಸಿಕ್ಕಿತು.

ಹೀಗಿರುವಾಗ ಅವಳಿಗೆ ಬಡ್ತಿ ಬಂತು. ನೇಯ್ದ ಬಟ್ಟೆಯನ್ನು ಬೆಳಕಿನ ಮೇಜಿನ ಮೇಲೆ ಹರಿಯಬಿಟ್ಟು ಕಿತ್ತ ಎಳೆ, ಎಣ್ಣೆ ಕಲೆ, ಗಂಟು ಹುಡುಕುವ ಚೆಕಿಂಗ್ ಕೋಣೆಗೆ ಕಣ್ಣು ಚುರುಕಿನವರು ಬೇಕಾಗಿತ್ತು. ಸದ್ದಿಲ್ಲ, ಧೂಳಿಲ್ಲ, ಕೂರಲು ಕುರ್ಚಿ. ಶೆಡ್ಡಿನ ಹೆಂಗಸರು ಹೊಟ್ಟೆಕಿಚ್ಚಿನಿಂದಲೇ ಬೀಳ್ಕೊಟ್ಟರು. ಅವಳ ಮಗ್ಗಕ್ಕೆ ಮರುದಿನವೇ ಬೇರೊಬ್ಬಳು ಬಂದು ನಿಂತಳು.

ಚೆಕಿಂಗ್ ಕೋಣೆಯ ದಪ್ಪ ಬಾಗಿಲು ಮುಚ್ಚಿಕೊಂಡಾಗ ಅವಳಿಗೆ ನೀರಿನೊಳಗೆ ಇಳಿದ ಹಾಗಾಯಿತು. ಅಲ್ಲಿನ ಮೇಡಮ್ ಒಳ್ಳೆಯವಳೇ. ಅಂಥ ಕೋಣೆಯಲ್ಲಿ ದನಿ ಎತ್ತುವುದು ಅಸಭ್ಯ ಎಂದು ನಂಬಿದವಳು. ಹಿಂದಿನಿಂದ ಬಂದು ಮೆಲ್ಲಗೆ ಹೇಳಿ ಹೋಗುತ್ತಿದ್ದಳು. ಇವಳು ಬಟ್ಟೆ ನೋಡುತ್ತಲೇ ಇರುತ್ತಿದ್ದಳು. ಎರಡು ಸಲ ಹಾಗಾದ ಮೇಲೆ ಮೇಡಮ್‌ನ ಹುಬ್ಬು ಗಂಟಿಕ್ಕಿತು. ಒಂದು ದಿನ ಮೇಡಮ್ ಎಂದಿನಂತೆ ಬೆನ್ನ ಹಿಂದೆ ನಿಂತು, ನೀಲಿ ಬಟ್ಟೆಯ ಥಾನುಗಳು ಬಣ್ಣ ಬಿಡುತ್ತಿವೆ, ಅವನ್ನು ಕಳಿಸಬೇಡ, ಪಕ್ಕಕ್ಕಿಡು ಎಂದಳು. ಇವಳು ನೇಯ್ಗೆಯಲ್ಲಿ ತಪ್ಪಿಲ್ಲವೆಂದು ನೋಡಿ ಎಲ್ಲಕ್ಕೂ ಮುದ್ರೆ ಒತ್ತಿ ಕಳಿಸಿಬಿಟ್ಟಳು. ಇಡೀ ಗಾಡಿ ವಾಪಸು ಬಂತು.

ಮ್ಯಾನೇಜರು ಕರೆಸಿ ಕೇಳಿದರು. ಅವರ ಮೇಜಿಗೂ ಇವಳಿಗೂ ನಡುವೆ ಫ್ಯಾನು ತಿರುಗುತ್ತಿತ್ತು. ಇವಳಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ.

“ನಂಗೆ ಹೇಳಲಿಲ್ಲ ಸಾರ್.”

“ಹೇಳಿದ್ದೆ. ಇವಳ ಬೆನ್ನ ಹಿಂದೇನೇ ನಿಂತು ಹೇಳಿದ್ದೆ,” ಎಂದಳು ಮೇಡಮ್.

“ಕೇಳಿಸಲಿಲ್ಲ ಅಂತೀಯೇನಮ್ಮ?” ಮ್ಯಾನೇಜರು ನಕ್ಕರು. “ಇಡೀ ಮಿಲ್ಲಿಗೆ ಒಳ್ಳೇ ಕಿವಿ ನಿಂದು. ಮೇಸ್ತ್ರಿ ಪ್ರತಿ ವರ್ಷ ಹೇಳ್ತಾನೆ. ಅಂದ್ಮೇಲೆ ಇದು ಕಿವಿ ವಿಷಯ ಅಲ್ಲ, ಪೊಗರಿನ ವಿಷಯ. ಈ ತಿಂಗಳು ನೋಡ್ತೀನಿ. ಸರಿಹೋಗದಿದ್ರೆ ಮನೆಗೆ.”

ಹಳೆಯ ಮಗ್ಗ ಹೋಗಿತ್ತು. ಹೊಸ ಕುರ್ಚಿಯೂ ಹೋಗುವುದರಲ್ಲಿತ್ತು. ಗಂಡನ ಅಂಗಡಿಯೊಂದರಿಂದ ಮನೆ ನಡೆಯುವಂತಿರಲಿಲ್ಲ. ಎದೆ ಡವಗುಟ್ಟಬೇಕಿತ್ತು, ಅದೂ ಆಗಲಿಲ್ಲ. ಹೋಗಿ ಮತ್ತೆ ಮೇಜಿನ ಮುಂದೆ ಕೂತಳು.

ಆಸ್ಪತ್ರೆಗೆ ಹೋದದ್ದು ತನಗಾಗಿ ಅಲ್ಲ. ದೊಡ್ಡಕ್ಕನ ಕಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದು ಹೆಚ್ಚಾಗಿ ನಿದ್ದೆ ಕೆಟ್ಟಿತ್ತು. “ಡಾಕ್ಟ್ರು ಏನಂತಾರೋ ನಂಗೆಲ್ಲಿ ಕೇಳಿಸುತ್ತೆ? ನೀನು ಬಾ, ಬೆಕ್ಕಿನ ಕಿವಿ. ಕೇಳಿ ಹೇಳು,” ಎಂದು ರಜೆಯ ದಿನ ಎಳೆದುಕೊಂಡು ಹೋದಳು.

ಡಾಕ್ಟರು ಹೆಂಗಸು, ನಡುವಯಸ್ಸು. ಬಾಗಿಲು ಮುಚ್ಚಿದ ಸಣ್ಣ ಕೋಣೆ. ಕೈ ತೊಳೆಯುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ, ಏನು ತೊಂದರೆ ಎಂದು ಕೇಳಿದಳು. ಇಬ್ಬರೂ ಸುಮ್ಮನೆ ಕೂತಿದ್ದರು. ಇನ್ನೊಮ್ಮೆ ಕೇಳಿದಳು. ದೊಡ್ಡಕ್ಕ ಗೋಡೆಯ ಚಿತ್ರ ನೋಡುತ್ತಿದ್ದಳು. ಇವಳು ತನ್ನ ಉಗುರು. ಡಾಕ್ಟರು ಕೈ ಒರೆಸಿಕೊಂಡು ಎದುರಿಗೆ ಬಂದು ಇಬ್ಬರನ್ನೂ ನೋಡಿ ಗಟ್ಟಿಯಾಗಿ ಕೇಳಿದಳು:

“ಪೇಷಂಟು ಯಾರು?”

“ನಾನು. ಇವಳು ನನ್ನ ಕಿವಿ,” ಎಂದಳು ದೊಡ್ಡಕ್ಕ.

“ಹಾಗಾದ್ರೆ ಕಿವೀನೂ ನೋಡ್ಬೇಕು,” ಎಂದಳು ಡಾಕ್ಟರು.

ಇಬ್ಬರನ್ನೂ ಪರೀಕ್ಷಿಸಿದಳು. ಸಣ್ಣ ದೀಪ ಹಾಕಿ ಒಳಗೆ ನೋಡಿದಳು; ಪರದೆ ಇಬ್ಬರದೂ ಸರಿಯಿತ್ತು. ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಮೊಣಕೈಗೆ ಬಡಿದು ಇವಳ ಕಿವಿಯ ಮುಂದೆ ಹಿಡಿದಳು. ಏನೂ ಇಲ್ಲ ಎನ್ನುವಷ್ಟು ಸಣ್ಣ ಸದ್ದು. ಅದೇ ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಳು. ತಲೆಯೊಳಗೆ ಜೇನುಗೂಡು ಎದ್ದ ಹಾಗಾಯಿತು. ಇವಳು ಕುರ್ಚಿಯಿಂದ ಅರ್ಧ ಎದ್ದಳು.

“ಎಲ್ಲಿ ಜೋರು?”

“ಹಿಂದೆ.”

ದೊಡ್ಡಕ್ಕನಿಗೆ ಮುಂದೆ ಹಿಡಿದರೇ ಹೆಚ್ಚು, ಹಿಂದೆ ಕಡಿಮೆ. ಆಮೇಲೆ ಗಾಜಿನ ಕೋಣೆಯೊಳಗೆ ಒಬ್ಬೊಬ್ಬರನ್ನೇ ಕೂರಿಸಿ, ಕಿವಿಗೆ ಯಂತ್ರ ಸಿಕ್ಕಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿಸಿದರು. ಎದುರು ಯಾರೂ ಕಣ್ಣು ಮಿಟುಕಿಸಲಿಲ್ಲ.

ಡಾಕ್ಟರು ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದಳು. ದೊಡ್ಡಕ್ಕನದು ಮಗ್ಗ ಕೊಟ್ಟ ಕಿವುಡು. ಕಿವಿಯ ಆಳದಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿರುತ್ತವೆ. ವರ್ಷಗಟ್ಟಲೆ ಬಡಿದ ಸದ್ದಿಗೆ ಅವು ಸತ್ತುಹೋಗಿವೆ. ಮೊದಲು ಸತ್ತದ್ದು ಸಣ್ಣ ಕೀಚು ದನಿಗಳನ್ನು ಹಿಡಿಯುವಂಥವು. ಆದ್ದರಿಂದಲೇ ಮಾತು ಕೇಳಿಸಿದರೂ ಏನೆಂದು ತಿಳಿಯುವುದಿಲ್ಲ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮಾತ್ರೆಯಿಲ್ಲ, ಆಪರೇಷನ್ನಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಸದ್ದಿನಿಂದ ದೂರವಿರಬೇಕು, ಇಲ್ಲವೇ ಕಿವಿಗೆ ಬಿಗಿಯಾದ ಬಿರಡೆ ಹಾಕಿಕೊಳ್ಳಬೇಕು. ಕಿವಿ ಮಷೀನು ಹಾಕಿಕೊಂಡರೆ ಮಾತು ಸ್ವಲ್ಪ ಸುಧಾರಿಸೀತು, ಜೀರುಂಡೆಯೂ ಸ್ವಲ್ಪ ಅಡಗೀತು.

“ಬೇಗ ಬಂದಿದ್ರೆ?” ಎಂದಳು ದೊಡ್ಡಕ್ಕ.

“ಬಿರಡೆ ಬೇಗ ಹಾಕ್ಕೊಂಡಿದ್ರೆ,” ಎಂದಳು ಡಾಕ್ಟರು. ಮತ್ತೆ ಇವಳ ಕಡೆ ತಿರುಗಿದಳು. “ನಿಮ್ಮದು ಬೇರೆ.”

ಪರದೆಯ ಹಿಂದೆ ಮೂರು ಪುಟ್ಟ ಮೂಳೆಗಳ ಸರಪಳಿ. ಕೊನೆಯದು ಅಕ್ಕಿಕಾಳಿಗಿಂತ ಚಿಕ್ಕದು. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರ. ಅದು ಅಲುಗಾಡಿದರೆ ಮಾತ್ರ ಸದ್ದು ಒಳಗೆ ಇಳಿಯುತ್ತದೆ. ಇವಳ ಕಿವಿಯಲ್ಲಿ ಅದರ ಬುಡಕ್ಕೆ ಹೊಸ ಮೂಳೆ ಬೆಳೆದು, ತುಕ್ಕು ಹಿಡಿದ ಬಾಗಿಲಂತೆ ಬಿಗಿದುಕೊಂಡಿತ್ತು. ಈ ಕಾಯಿಲೆ ಹೆಂಗಸರಲ್ಲಿ ಹೆಚ್ಚು; ಬಸುರಿ, ಬಾಣಂತಿಯಾದಾಗ ಕೆಲವರಿಗೆ ಜೋರಾಗುವುದುಂಟು.

“ನಿಮ್ಮ ದನಿ ನಿಮ್ಮ ಮೂಳೆಯೊಳಗಿಂದಾನೇ ನಿಮಗೆ ಜೋರಾಗಿ ಕೇಳಿಸುತ್ತೆ. ಅದಕ್ಕೇ ಮೆಲ್ಲಗೆ ಮಾತಾಡ್ತೀರಿ.”

“ಮಿಲ್ಲಲ್ಲಿ ನಂಗೆ ಎಲ್ಲಾ ಕೇಳಿಸುತ್ತೆ ಡಾಕ್ಟ್ರೇ. ಎಲ್ಲರಿಗಿಂತ ಚೆನ್ನಾಗಿ.”

“ಕೇಳಿಸಲೇಬೇಕು. ಮಗ್ಗದ ಸದ್ದು ನಿಮ್ಮನ್ನ ಅಷ್ಟು ತಟ್ಟಲ್ಲ, ದಾರಿ ಅರ್ಧ ಮುಚ್ಚಿದೆ. ಆದ್ರೆ ಅದರ ಮೇಲೆ ಎಲ್ಲರೂ ಕೂಗ್ತಾರೆ. ಆ ಕೂಗು ನಿಮಗೆ ಸಾಕಾಗುತ್ತೆ. ಈ ಕಾಯಿಲೆಯವರಿಗೆ ಗದ್ದಲದಲ್ಲೇ ಚೆನ್ನಾಗಿ ಕೇಳಿಸೋದು. ಮನೇಲಿ ಯಾರು ಕೂಗ್ತಾರೆ?”

“ಯಾರೂ ಇಲ್ಲ. ನಮ್ಮತ್ತೆ ಗೊಣಗ್ತಾರೆ.”

ಡಾಕ್ಟರು ನಗಲಿಲ್ಲ. “ಮನೆತನದಲ್ಲಿ ಯಾರಿಗಾದ್ರೂ ಇತ್ತಾ? ಅಮ್ಮನಿಗೆ?”

“ಇಲ್ಲ. ನಮ್ಮಮ್ಮನ ಕಿವಿ ಸರಿಯಾಗೇ ಇತ್ತು. ಸ್ವಲ್ಪ ಜಂಬ, ಅಷ್ಟೇ. ಕರೆದ್ರೆ ತಿರುಗ್ತಿರಲಿಲ್ಲ.”

“ಹೇಗೆ ಮಾತಾಡ್ತಿದ್ರು?”

“ಮೆಲ್ಲಗೆ,” ಎಂದಳು.

ಹೊರಗೆ ಬಂದು ಬೀದಿಯಲ್ಲಿ ನಡೆಯುವಾಗ ದೊಡ್ಡಕ್ಕನೇ ಮಾತಾಡುತ್ತಿದ್ದಳು. ಇವಳು ತಾಯಿಯ ಬಗ್ಗೆ ಯೋಚಿಸಲು ನೋಡಿದಳು. ಬಾವಿಯೊಳಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ ಕಾದಳು. ಏನೂ ಬರಲಿಲ್ಲ. ತಾಯಿ ಸತ್ತು ಬಹಳ ವರ್ಷವಾಗಿತ್ತು, ಜಂಬದವಳೆಂದೇ ಸತ್ತಿದ್ದಳು.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಸೌಟು ಕೆಳಗಿಟ್ಟಳು.

“ಅಂದ್ರೆ ಇಷ್ಟು ವರ್ಷ ನಾನು ಬೈದಿದ್ದು ನಿಂಗೆ ಕೇಳಿಸ್ಲೇ ಇಲ್ವಾ?”

“ಇಲ್ಲ ಅತ್ತೆ.”

“ಒಂದೂ?”

“ಬಾಯಿ ಆಡೋದು ಕಾಣ್ತಿತ್ತು.”

ಅತ್ತೆಗೆ ಪಶ್ಚಾತ್ತಾಪವಾಗಲಿಲ್ಲ, ಅಷ್ಟು ವರ್ಷದ ದುಡಿಮೆ ಮಣ್ಣುಪಾಲಾದ ಹಾಗೆ ಮುಖ ಸಪ್ಪಗಾಯಿತು. ಗಂಡ ಎದುರಿಗೆ ಬಂದು ಕೂತ. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದೆ ಅವನ ದನಿ ಒಡೆಯಿತು.

“ನೀನು ಸಿಟ್ಟಾಗಿದೀಯ ಅಂದ್ಕೊಂಡಿದ್ದೆ.”

“ನೀವು ಮಾತು ಬಿಟ್ರಿ ಅಂದ್ಕೊಂಡಿದ್ದೆ ರೀ.”

ಹಾಲು ಕಾಯಿಸುವ ಹೊತ್ತಾಗಿತ್ತು, ಅವಳು ಎದ್ದಳು.

ಮ್ಯಾನೇಜರು ಕೆಟ್ಟವರಲ್ಲ. ವಿಷಯ ಕೇಳಿ ತಲೆ ಕೆರೆದುಕೊಂಡು ಒಂದು ದಾರಿ ತೋರಿಸಿದರು. ದೊಡ್ಡಕ್ಕ ಮಗ್ಗ ಬಿಡುವವಳಿದ್ದಳು. “ಅವಳ ಮಗ್ಗ ತಗೋ. ಶೆಡ್ಡಲ್ಲಿ ನಿಂಗೇನೂ ತೊಂದ್ರೆ ಇಲ್ಲವಲ್ಲ. ಆಪರೇಷನ್ನು ಗೀಪರೇಷನ್ನು ಏನೂ ಬೇಡ. ಇಲ್ಲಾಂದ್ರೆ ತಿಂಗಳ ಕೊನೆಗೆ ಚೆಕಿಂಗ್ ಕೋಣೆ ಖಾಲಿ ಮಾಡು.”

ಅದು ಸುಲಭದ ದಾರಿ. ಶೆಡ್ಡಿನಲ್ಲಿ ಅವಳಿಗೆ ಕೇಳಿಸುತ್ತಿತ್ತು, ಅಲ್ಲಿ ಅವಳು ನಗುತ್ತಿದ್ದಳು. ಡಾಕ್ಟರನ್ನು ಕೇಳಿದಳು.

“ಸದ್ಯಕ್ಕೆ ನಿಮ್ಮ ಒಳಗಿನ ನರ ಬಹುಪಾಲು ಚೆನ್ನಾಗಿದೆ,” ಎಂದಳು ಡಾಕ್ಟರು. “ಆ ಮುಚ್ಚಿದ ಮೂಳೆ ನಿಮಗೊಂದು ಉಪಕಾರ ಮಾಡಿದೆ, ಸದ್ದನ್ನ ತಕ್ಕಮಟ್ಟಿಗೆ ತಡೆದಿದೆ. ಪೂರ್ತಿ ಅಲ್ಲ. ಶೆಡ್ಡಲ್ಲೇ ಇದ್ರೆ ನರಾನೂ ಹೋಗುತ್ತೆ, ಆಮೇಲೆ ನಾನು ಮೂಳೆ ಬಿಡಿಸಿ ಪ್ರಯೋಜನ ಇಲ್ಲ. ಮಷೀನು ಹಾಕ್ಕೋಬಹುದು, ಈ ಕಾಯಿಲೆಗೆ ಚೆನ್ನಾಗಿ ನಡೆಯುತ್ತೆ. ಅಥವಾ ಆಪರೇಷನ್. ಬಿಗಿದ ಮೂಳೆಯ ಜಾಗದಲ್ಲಿ ಸಣ್ಣ ಕೊಳವೆಕಡ್ಡಿ ಇಡ್ತೀವಿ. ಹೆಚ್ಚಿನವರಿಗೆ ಕೇಳಿಸುತ್ತೆ. ಎಲ್ಲೋ ಒಬ್ಬಿಬ್ಬರಿಗೆ ಆ ಕಿವಿ ಪೂರ್ತಿ ಹೋಗುತ್ತೆ. ಅದನ್ನ ಮುಚ್ಚಿಡಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೇ ಕಿವಿ. ಆದ್ಮೇಲೆ ಶೆಡ್ಡಿನೊಳಗೆ ಬಿರಡೆ ಇಲ್ಲದೆ ಕಾಲಿಡೋ ಹಾಗಿಲ್ಲ.”

ಅವಳು ಒಂದು ಕಿವಿಗೆ ಆಪರೇಷನ್ ಆಗಲಿ, ಇನ್ನೊಂದಕ್ಕೆ ಮಷೀನು ಇರಲಿ ಎಂದಳು. ಧೈರ್ಯ ಮಾಡಿದ್ದಲ್ಲ, ಹೋಗುವುದಾದರೆ ಒಂದು ಹೋಗಲಿ ಎಂದು ಲೆಕ್ಕ ಹಾಕಿದ್ದು. ಮ್ಯಾನೇಜರಿಗೆ ಹೇಳಿದಳು. ಅವರು ರಜೆ ಕೊಟ್ಟು, “ಬಂದ ಮೇಲೆ ಕೇಳಿಸಬೇಕು ನೋಡು” ಎಂದರು.

ಆಪರೇಷನ್ ಟೇಬಲ್ಲಿನ ಮೇಲೆ ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಿತ್ತು. ತಲೆಯೊಳಗೆ ಯಾರೋ ಬೇರೆ ಕೋಣೆಯಲ್ಲಿ ಸಾಮಾನು ಸರಿಸುತ್ತಿರುವಂತಿತ್ತು. ಒಮ್ಮೆಲೇ ಟ್ರೇಗೆ ಉಕ್ಕು ತಾಗಿದ ಸದ್ದು ಖಣ್ಣೆಂದಿತು. ಎಷ್ಟೋ ವರ್ಷದ ನಂತರ ಸದ್ದೊಂದು ಅಂಚು ಕಳೆದುಕೊಳ್ಳದೆ ಬಂದಿತ್ತು.

“ಕೇಳಿಸ್ತಾ?” ಎಂದು ಡಾಕ್ಟರು ಪಿಸುಗುಟ್ಟಿದಳು.

“ಹೂಂ.”

ಕೆಲವು ದಿನ ತಲೆ ಸುತ್ತು. ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ. ನಾಲಿಗೆಯ ಒಂದು ಬದಿ ಜೋಮು ಹಿಡಿದು, ತಿಂದದ್ದೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ರುಚಿಯ ನರ ಕಿವಿಯೊಳಗಿಂದಲೇ ಹಾದುಹೋಗುತ್ತದೆ, ನಿಧಾನವಾಗಿ ಸರಿಹೋಗುತ್ತದೆ ಎಂದರು. ಕಿವಿಯಲ್ಲಿ ತುರುಕಿದ್ದ ಬಟ್ಟೆ ತೆಗೆದ ದಿನ ಕಾಗದದ ಹಾಳೆ ಮಗುಚುವ ಸದ್ದಿಗೆ ಬೆಚ್ಚಿದಳು.

ಮನೆ ತುಂಬ ಸದ್ದಿತ್ತು. ನಲ್ಲಿ, ಚಪ್ಪಲಿ, ಮಗ ಮೂಗೆಳೆಯುವುದು. ಗಂಡನ ದನಿ ನೆನಪಿನಲ್ಲಿದ್ದುದಕ್ಕಿಂತ ತಗ್ಗಿತ್ತು. ಅವನು ಹೇಳುತ್ತಿದ್ದದ್ದು ಬಾಗಿಲ ಕೀಲಿಗೆ ಎಣ್ಣೆ ಬಿಡಬೇಕು, ನಾಳೆ ತಡವಾಗಿ ಬರುತ್ತೇನೆ, ಇಷ್ಟೇ. ಇಷ್ಟೇ ಹೇಳುತ್ತಿದ್ದನೇ ಇಷ್ಟು ವರ್ಷ? ಅತ್ತೆ ಅಭ್ಯಾಸಬಲದಿಂದ, “ಮಹಾರಾಣಿಗೆ ಈಗಲಾದ್ರೂ ಎಚ್ಚರ ಆಯ್ತಾ” ಎಂದು ಒಲೆಯ ಮುಂದೆ ಗೊಣಗಿದಳು.

“ಆಯ್ತು ಅತ್ತೆ,” ಎಂದು ಇವಳು ಪಕ್ಕದ ಕೋಣೆಯಿಂದ ಉತ್ತರ ಕೊಟ್ಟಳು. ಅಂದಿನಿಂದ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ಬೈಯತೊಡಗಿದಳು.

ಮಗಳು ಪಾಠ ಬರೆಯುವಾಗ ಇವಳು ಹಿಂದೆ ಬಂದು ನಿಂತು ಮೆಲ್ಲಗೆ ಕರೆದು ನೋಡುತ್ತಿದ್ದಳು. ಹುಡುಗಿ ತಲೆಯೆತ್ತದೆ, “ಏನಮ್ಮಾ, ಸುಮ್ಸುಮ್ನೆ ಕರೀತೀಯ” ಎನ್ನುತ್ತಿತ್ತು. ಏನಿಲ್ಲವೆಂದು ಇವಳು ಹೋಗುತ್ತಿದ್ದಳು. ಸ್ವಲ್ಪ ದಿನ ಬಿಟ್ಟು ಮತ್ತೆ ಕರೆಯುತ್ತಿದ್ದಳು.

ಚೆಕಿಂಗ್ ಕೋಣೆಯ ಕುರ್ಚಿ ಉಳಿಯಿತು ಎಂದುಕೊಂಡಳು. ಅಷ್ಟರಲ್ಲಿ ವರ್ಷದ ಕಿವಿ ಪರೀಕ್ಷೆ ಬಂತು. ಸಂಬಳ ತೆಗೆದುಕೊಳ್ಳುವವರೆಲ್ಲ ಅದಕ್ಕೆ ನಿಲ್ಲಬೇಕು. ಇವಳು ಕಿವಿಗೆ ಬಿರಡೆ ಒತ್ತಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು. ಬಿರಡೆ ದಾಟಿಯೂ ಆ ಸದ್ದು ಗೋಡೆ ಕುಸಿದ ಹಾಗೆ ಮೈಮೇಲೆ ಬಿತ್ತು. ಇದರೊಳಗೆ ತಾನು ನಿಂತು ನಗುತ್ತಿದ್ದೆನೇ? ಬಾಗಿಲ ಬಳಿಯೇ ಬೆನ್ನು ತಿರುಗಿಸಿ ನಿಂತಳು. ಎದುರು ಕಣ್ಣು ಮಿಟುಕಿಸುವವರಿಲ್ಲ, ಬರೀ ಅಂಗಳ. ಮೇಸ್ತ್ರಿ ಕೂಗಿದ. ಮತ್ತೆ ಕೂಗಿದ. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ, ಕೈ ಎತ್ತಲಿಲ್ಲ. ಮೇಸ್ತ್ರಿ ಮುಂದೆ ಬಂದು ಅವಳ ಮುಖ ನೋಡಿ, ತಲೆಯಲ್ಲಾಡಿಸಿ, ಫೇಲು ಎಂದು ಬರೆದುಕೊಂಡ.

ಸಂಜೆ ಮ್ಯಾನೇಜರು ಕರೆಸಿದರು. ಫ್ಯಾನು ತಿರುಗುತ್ತಿತ್ತು. ಅವರು ಕಾಗದದ ಮೇಲೇ ಕಣ್ಣಿಟ್ಟು, ಬಾಯೊಳಗೇ ಎಂಬಂತೆ, “ಇವಳ ಕಿವೀನೇ ಹೋಯ್ತಲ್ಲ ಈಗ. ಏನು ಮಾಡೋದು ಇವಳನ್ನ?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

“ಕೂರಿಸಿದ ಕಡೇನೇ ಬಿಡಿ ಸಾರ್,” ಎಂದಳು ಅವಳು.

ಮ್ಯಾನೇಜರು ತಲೆಯೆತ್ತಿದರು. ಕಾಗದ ನೋಡಿದರು, ಅವಳನ್ನು ನೋಡಿದರು. ಫೇಲು ಎಂಬುದನ್ನು ಅವರು ಹೊಡೆದುಹಾಕಲಿಲ್ಲ. ಮೇಸ್ತ್ರಿಯ ಪರೀಕ್ಷೆಯನ್ನು ತಿದ್ದುವುದು ಮಿಲ್ಲಿನ ಪದ್ಧತಿಯಲ್ಲ. ಕಾಗದವನ್ನು ಕೆಳಗಿನ ಖಾನೆಗೆ ತಳ್ಳಿ, “ಹೋಗಮ್ಮ, ಹೋಗಿ ಕೆಲಸ ನೋಡು” ಎಂದರು, ಮೆಲ್ಲಗೆ.

ಅವಳು ಹೋಗಿ ದೀಪ ಹಾಕಿದಳು. ಮೇಜಿನ ಮೇಲೆ ಬಟ್ಟೆ ಸರಿಯತೊಡಗಿತು. ಅದು ಸರಿಯುವಾಗ ಸಣ್ಣಗೆ ಸದ್ದು ಮಾಡುತ್ತಿತ್ತು.